ಒಂದು ಮಾರುತಿ 800: ವಯಸ್ಸು, ಓಟ ಮತ್ತು ಮೈಲೇಜ್ ಕುರಿತ ದಾಖಲೆಗಳ ಹೋಲಿಕೆ

1. ವ್ಯಾಪ್ತಿ

ಮನೆಬಳಕೆಯ ಸಣ್ಣ ಕಾರಿನ ದೀರ್ಘಕಾಲದ ಅನುಭವ ಹೇಳುವಾಗ ಸಾಮಾನ್ಯವಾಗಿ ಮೂರು ಅಂಕಿಗಳು ಮುಂದೆ ಬರುತ್ತವೆ: ಎಷ್ಟು ವರ್ಷವಾಯಿತು, ಎಷ್ಟು ಕಿಲೋಮೀಟರ್ ಓಡಿತು, ಲೀಟರಿಗೆ ಎಷ್ಟು ಕೊಟ್ಟಿತು. ಒಂದೇ ಮನೆಯಲ್ಲಿ 1997ರಿಂದ ಇರುವ ಒಂದು ಮಾರುತಿ 800 ಕಾರಿನ ಕಾಗದಪತ್ರಗಳನ್ನು ಪರಸ್ಪರ ಹೋಲಿಸಿ, ಈ ಮೂರು ಅಂಕಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ನೋಡುವುದು ಈ ಟಿಪ್ಪಣಿಯ ಉದ್ದೇಶ. ಪರಿಶೀಲಿಸಿದ್ದು ಒಂದೇ ವಾಹನವಾದ್ದರಿಂದ ಇಲ್ಲಿನ ನಿರ್ಣಯಗಳನ್ನು ಆ ಮಾದರಿಗೆಲ್ಲ ಅನ್ವಯಿಸುವಂತಿಲ್ಲ. ಹೋಲಿಕೆಯ ಕ್ರಮ ಮಾತ್ರ ಬೇರೆ ವಾಹನಗಳಿಗೂ ಉಪಯೋಗವಾಗಬಹುದು.

2. ಮಾದರಿಯ ಹಿನ್ನೆಲೆ

ಮಾರುತಿ 800ರ ಮೊದಲ ಕಾರಿನ ಕೀಲಿಯನ್ನು 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಹಸ್ತಾಂತರಿಸಿದರು. ಆರಂಭದ ಬೆಲೆಗೆ ಎರಡು ಅಂಕಿಗಳು ಬಳಕೆಯಲ್ಲಿವೆ: 47,500 ರೂಪಾಯಿ ಮತ್ತು 52,500 ರೂಪಾಯಿ. ಒಂದು ಕಾರ್ಖಾನೆಯ ಬೆಲೆ, ಇನ್ನೊಂದು ತೆರಿಗೆ ಮೊದಲಾದವು ಸೇರಿದ ಬೆಲೆ ಎಂದು ಓದಿದರೆ ಎರಡೂ ಹೊಂದಿಕೊಳ್ಳುತ್ತವೆ. ಯಾವ ಬೆಲೆ ಎಂದು ಹೇಳದೆ ಇವುಗಳಲ್ಲೊಂದನ್ನು ಉದ್ಧರಿಸುವುದು ಸರಿಯಲ್ಲ.

ಎಂಜಿನ್ ಮೂರು ಸಿಲಿಂಡರಿನ 796 ಸಿಸಿಯದು. 1986ರಲ್ಲಿ ಕಾರಿನ ಹೊರರೂಪ ಪೂರ್ತಿ ಬದಲಾಯಿತು. ಆದ್ದರಿಂದ ‘ಮಾರುತಿ 800’ ಎಂಬ ಹೆಸರು ಒಂದಕ್ಕಿಂತ ಹೆಚ್ಚು ಮಾದರಿಗಳನ್ನು ಒಳಗೊಂಡಿದೆ. ಭಾರತ್ ಸ್ಟೇಜ್ 4 ಮಾನದಂಡ 2010ರ ಏಪ್ರಿಲ್‌ನಲ್ಲಿ ಮೊದಲು 13 ನಗರಗಳಲ್ಲಿ ಜಾರಿಯಾದಾಗ ಬೆಂಗಳೂರು ಸೇರಿದಂತೆ ಆ ನಗರಗಳಲ್ಲಿ ಹೊಸ ಮಾರುತಿ 800ರ ಮಾರಾಟ ನಿಂತಿತು. ಕರ್ನಾಟಕದ ಉಳಿದ ಊರುಗಳಲ್ಲಿ ಅದು ಮುಂದುವರಿದಿತ್ತು. ಹೀಗಾಗಿ ‘ಮಾರಾಟ ನಿಂತ ವರ್ಷ’ ಎಂಬುದಕ್ಕೆ ರಾಜ್ಯದೊಳಗೇ ಎರಡು ಉತ್ತರಗಳಿವೆ. ತಯಾರಿಕೆ ಕೊನೆಗೊಂಡದ್ದು 2014ರ ಜನವರಿಯಲ್ಲಿ. ಒಟ್ಟು ಸಂಖ್ಯೆಗೆ ಸಂಬಂಧಿಸಿ ಕಾಣಸಿಗುವ ಸುಮಾರು 28.7 ಲಕ್ಷ ಮತ್ತು ಸುಮಾರು 26.6 ಲಕ್ಷ ಎಂಬ ಅಂಕಿಗಳಲ್ಲಿ ವಿರೋಧವಿಲ್ಲ. ಮೊದಲನೆಯದು ತಯಾರಾದವು, ಎರಡನೆಯದು ಭಾರತದಲ್ಲಿ ಮಾರಾಟವಾದವು.

3. ಆಕರಗಳು

ಪರಿಶೀಲಿಸಿದ ಆಕರಗಳು ಐದು: (ಅ) ನಮೂನೆ 21, ಅಂದರೆ ಮಾರಾಟ ಪ್ರಮಾಣಪತ್ರದ ಪ್ರತಿ, (ಆ) ಹಳೆಯ ಕಾಗದದ ಆರ್‌ಸಿ ಬುಕ್ ಮತ್ತು ನಂತರ ಬಂದ ಆರ್‌ಸಿ ಕಾರ್ಡ್, (ಇ) ವಿಮಾ ಪಾಲಿಸಿಗಳು, (ಈ) ಗ್ಯಾರೇಜ್ ಬಿಲ್ಲುಗಳು, (ಉ) ಪೆಟ್ರೋಲ್ ಲೆಕ್ಕದ ನೋಟ್‌ಬುಕ್. ಐದನೆಯದನ್ನು ಬರೆದವರು ವಾಹನದ ಮಾಲೀಕರು, ಈ ಟಿಪ್ಪಣಿಕಾರನ ತಂದೆ. ಆ ಸಂಬಂಧ ಓದುಗರಿಗೆ ತಿಳಿದಿರಬೇಕು.

ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿಗೂ ನಾಲ್ಕು ಕಲಂಗಳಿವೆ: ತಾರೀಖು, ಮೀಟರ್ ರೀಡಿಂಗ್, ಲೀಟರ್, ಹಣ. ಪ್ರತಿಸಲವೂ ಫುಲ್ ಟ್ಯಾಂಕ್ ಮಾಡಿಸಿ ಬರೆದ ಲೆಕ್ಕವಾದ್ದರಿಂದ ಎರಡು ಸಾಲುಗಳ ನಡುವಿನ ದೂರವನ್ನು ಎರಡನೆಯ ಸಾಲಿನ ಲೀಟರಿನಿಂದ ಭಾಗಿಸಿದರೆ ಮೈಲೇಜ್ ಸಿಗುತ್ತದೆ. ಹಾಗೆ ಭಾಗಿಸಿದ ಫಲವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಲಾಗಿದೆ, ಉಳಿದದ್ದೆಲ್ಲ ಶಾಯಿ. ಅಳೆದದ್ದಕ್ಕೆ ಶಾಯಿ, ಲೆಕ್ಕ ಹಾಕಿದ್ದಕ್ಕೆ ಪೆನ್ಸಿಲ್ ಎಂಬ ಈ ಭೇದ ಕೊನೆಯ ಪುಟದವರೆಗೂ ತಪ್ಪಿಲ್ಲ. ಈ ಟಿಪ್ಪಣಿ ನಿಂತಿರುವುದು ಮುಖ್ಯವಾಗಿ ಆ ಶಿಸ್ತಿನ ಮೇಲೆ. ಬಂಕಿನ ಪಂಪ್ ಪ್ರತಿಸಲ ಒಂದೇ ಮಟ್ಟಕ್ಕೆ ಕಟ್ ಆಗುವುದಿಲ್ಲ. 20 ಲೀಟರಿಗೆ ಅರ್ಧ ಲೀಟರ್ ಏರುಪೇರಾದರೂ ಫಲಿತಾಂಶ ಶೇ. 2.5ರಷ್ಟು ಬದಲಾಗುತ್ತದೆ. ಆದ್ದರಿಂದ ಒಂಟಿ ಸಾಲಿನ ಮೈಲೇಜನ್ನು ಇಲ್ಲಿ ಆಧಾರವಾಗಿ ಬಳಸಿಲ್ಲ, ಸರಾಸರಿಗಳನ್ನಷ್ಟೇ ಬಳಸಿದೆ.

4. ವಯಸ್ಸು

ನಮೂನೆ 21ರ ಪ್ರಕಾರ ಕಾರು ತಯಾರಾದದ್ದು 1996ರ ಡಿಸೆಂಬರ್‌ನಲ್ಲಿ. ಆರ್‌ಸಿ ಬುಕ್ಕಿನಲ್ಲೂ ಹಾಗೆಯೇ ಇದೆ. ನೋಂದಣಿಯ ದಿನ 1997ರ ಜನವರಿ 22. ನಂತರದ ಕಾರ್ಡಿನಲ್ಲಿ ನೋಂದಣಿಯ ದಿನ ಸರಿಯಾಗಿದ್ದರೂ ತಯಾರಿಕೆಯ ತಿಂಗಳು ‘1/1997’ ಎಂದಾಗಿದೆ. ಕಾಗದದಿಂದ ಕಂಪ್ಯೂಟರಿಗೆ ಏರಿಸುವಾಗ ನೋಂದಣಿಯ ತಿಂಗಳೇ ತಯಾರಿಕೆಯ ತಿಂಗಳಾಗಿ ನಮೂದಾಗಿರುವ ಸಾಧ್ಯತೆ ಹೆಚ್ಚು. ವಿಮಾ ಪಾಲಿಸಿಗಳು 1997 ಎಂಬ ವರ್ಷವನ್ನಷ್ಟೇ ಕೊಡುತ್ತವೆ. ಹಳೆಯ ದಾಖಲೆಯೇ ಮೂಲಕ್ಕೆ ಹತ್ತಿರವಾದ್ದರಿಂದ ಇಲ್ಲಿ 1996ರ ಡಿಸೆಂಬರ್ ಅನ್ನು ಒಪ್ಪಿದೆ.

ಈ ಒಂದು ತಿಂಗಳ ಅಂತರ ಕಾನೂನಿನ ದೃಷ್ಟಿಯಿಂದ ಮುಖ್ಯವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಮಿನ ಪ್ರಕಾರ ಖಾಸಗಿ ಕಾರಿನ ನೋಂದಣಿಯ 15 ವರ್ಷಗಳ ಎಣಿಕೆ ಪ್ರಮಾಣಪತ್ರ ಕೊಟ್ಟ ದಿನದಿಂದ ಶುರುವಾಗುತ್ತದೆ, ಕಾರು ತಯಾರಾದ ದಿನದಿಂದಲ್ಲ. ಆಮೇಲಿನ ನವೀಕರಣ ಐದೈದು ವರ್ಷಕ್ಕೆ. ಈ ಕಾರಿನ ನವೀಕರಣಗಳು 2012, 2017 ಮತ್ತು 2022ರ ಜನವರಿಯಲ್ಲಿ ಆಗಿವೆ. ಕೇಂದ್ರದ ನಿಯಮ ತಿದ್ದುಪಡಿಯಂತೆ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದ್ದು 2022ರ ಏಪ್ರಿಲ್ 1ರಿಂದ. ಮೂರನೆಯ ನವೀಕರಣ ಅದಕ್ಕೆ ಮೊದಲೇ ಮುಗಿದಿತ್ತು. ಇದೇ ಕಾರು ಮೂರು ತಿಂಗಳು ತಡವಾಗಿ ನೋಂದಣಿಯಾಗಿದ್ದರೆ ಇದೇ ಕಲಂನ ಖರ್ಚು ಎಂಟು ಪಟ್ಟಿಗೂ ಮೀರುತ್ತಿತ್ತು. ಹಳೆಯ ಕಾರಿನ ಖರ್ಚನ್ನು ಹೋಲಿಸುವವರು ವಾಹನದ ಗುಣವನ್ನೂ ತಾರೀಖಿನ ಆಕಸ್ಮಿಕವನ್ನೂ ಬೇರ್ಪಡಿಸಿ ನೋಡಬೇಕೆಂಬುದಕ್ಕೆ ಇದೊಂದು ಉದಾಹರಣೆ.

ವಿಮೆಯ ಎಣಿಕೆ ಬೇರೆ. ವಾಹನದ ಘೋಷಿತ ಮೌಲ್ಯ, ಅಂದರೆ ಐಡಿವಿ, ನಿಗದಿತ ಕೋಷ್ಟಕದಂತೆ ಇಳಿಯುತ್ತ ಬಂದು ಐದನೆಯ ವರ್ಷಕ್ಕೆ ಶೇ. 50ರಷ್ಟು ಕಡಿತವಾಗುತ್ತದೆ. ಐದು ವರ್ಷ ದಾಟಿದ ಮೇಲೆ ಅದು ಮಾಲೀಕ ಮತ್ತು ವಿಮಾ ಕಂಪನಿಯ ನಡುವಿನ ಒಪ್ಪಂದದ ಮೊತ್ತ. ಆದ್ದರಿಂದ 2002ರ ನಂತರದ ಪಾಲಿಸಿಗಳ ಐಡಿವಿಯನ್ನು ಈ ಕಾರಿನ ಮಾರುಕಟ್ಟೆ ಬೆಲೆಗೆ ಸಾಕ್ಷ್ಯವಾಗಿ ಬಳಸಿಲ್ಲ.

5. ಓಟ

5.1. 2004ರ ಅಂತರ. ನೋಟ್‌ಬುಕ್ಕಿನಲ್ಲಿ 2004ರ ಜೂನ್ ಕೊನೆಯಿಂದ ಆಗಸ್ಟ್ 6ರವರೆಗೆ ಸತತ ನಾಲ್ಕು ಸಾಲುಗಳಲ್ಲಿ ಮೀಟರ್ ರೀಡಿಂಗ್ ಒಂದೇ: 41,207. ಆದರೆ ಲೀಟರ್ ಕಲಂ ಖಾಲಿಯಿಲ್ಲ. ಎರಡನೆಯ, ಮೂರನೆಯ, ನಾಲ್ಕನೆಯ ಸಾಲುಗಳಲ್ಲಿ ಕ್ರಮವಾಗಿ 20, 18, 20 ಲೀಟರ್ ಎಂದಿದೆ. ಅಂಚಿನಲ್ಲಿ ಪೆನ್ಸಿಲಿನ ಅಂಕಿ ಇಲ್ಲ, ಒಂದು ಅಡ್ಡಗೀಟು ಮಾತ್ರ ಇದೆ. ಗ್ಯಾರೇಜಿನ ಬಿಲ್ಲಿನಲ್ಲಿ ಆಗಸ್ಟ್ 9ರಂದು ಮೀಟರ್ ಕೇಬಲ್ ಬದಲಾಯಿಸಿದ ನಮೂದಿದೆ. ಏಳು ವರ್ಷ ಬಳಸಿದ ಕೇಬಲ್ ಸವೆದು ತುಂಡಾಗುವುದು ಸಹಜ, ಅದನ್ನು ವಾಹನದ ದೋಷವೆಂದು ಎಣಿಸಿಲ್ಲ. ಮೊದಲ ಸಾಲಿನ ಮೈಲೇಜ್ ಎಂದಿನಂತಿರುವುದರಿಂದ ಕೇಬಲ್ ಅಲ್ಲಿಯವರೆಗೆ ಸರಿಯಿದ್ದಿರಬೇಕು.

ಮೀಟರಿಗೆ ಬಾರದ ದೂರವನ್ನು ಪೆಟ್ರೋಲಿನಿಂದ ಅಂದಾಜಿಸಬಹುದು. ಒಟ್ಟು 58 ಲೀಟರ್. ಆ ಕಾಲದ ಸರಾಸರಿ ಲೀಟರಿಗೆ 16 ಕಿ.ಮೀ. ಹೀಗೆ 928 ಕಿ.ಮೀ. ಬರುತ್ತದೆ. ಸರಾಸರಿಯನ್ನು 15ರಿಂದ 17ರವರೆಗೆ ಇಟ್ಟರೆ 870ರಿಂದ 986 ಕಿ.ಮೀ.

5.2. 2009ರ ಟೈರ್ ಬದಲಾವಣೆ. ಕಾರಿನ ಮೂಲ ಟೈರ್ ಅಳತೆ 145/70 ಆರ್12. 2009ರ ಬಿಲ್ಲಿನಲ್ಲಿ ನಾಲ್ಕಕ್ಕೂ 145/80 ಆರ್12 ಎಂದಿದೆ. ಇದು ಆಲ್ಟೊ ಕಾರಿನ ಅಳತೆ. ಎರಡನೆಯ ಅಂಕಿ ಟೈರಿನ ಅಗಲಕ್ಕೆ ಹೋಲಿಸಿದ ಪಕ್ಕದ ಎತ್ತರ, ಶೇಕಡಾವಾರಿನಲ್ಲಿ. ಮೊದಲನೆಯದರ ವ್ಯಾಸ 304.8 + 203 = 507.8 ಮಿ.ಮೀ.; ಎರಡನೆಯದರದು 304.8 + 232 = 536.8 ಮಿ.ಮೀ. ಒಂದು ಸುತ್ತಿಗೆ ಸಾಗುವ ದೂರ 1,595 ಮಿ.ಮೀ.ನಿಂದ 1,686 ಮಿ.ಮೀ.ಗೆ, ಅಂದರೆ ಶೇ. 5.7ರಷ್ಟು ಹೆಚ್ಚಿತು. ಮೀಟರ್ ಎಣಿಸುವುದು ಸುತ್ತುಗಳನ್ನೇ ಹೊರತು ದೂರವನ್ನಲ್ಲ. ಆದ್ದರಿಂದ ಅಲ್ಲಿಂದ ಮುಂದೆ ಅದು ನಿಜವಾದ ಓಟಕ್ಕಿಂತ ಕಡಿಮೆ ತೋರಿಸಬೇಕು. ವೇಗದ ಮುಳ್ಳಿಗೂ ಇದೇ ಮಾತು ಸಲ್ಲುತ್ತದೆ: ಮೊದಲು ಸರಿಯಾಗಿದ್ದ ಮುಳ್ಳು ಈಗ 60 ತೋರಿಸಿದಾಗ ನಿಜವಾದ ವೇಗ ಸುಮಾರು 63.

ಇದನ್ನು ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ಒಮ್ಮೆ ತಾಳೆ ನೋಡಲಾಯಿತು. ಕಲ್ಲುಗಳ ಪ್ರಕಾರ 50 ಕಿ.ಮೀ. ಸಾಗಿದಾಗ ಮೀಟರ್ 47 ದಾಟಿತ್ತು, 48 ಮುಟ್ಟಿರಲಿಲ್ಲ. ಲೆಕ್ಕದಿಂದ ಬರಬೇಕಾದದ್ದು 47.3. ಇದು ಒಂದೇ ಪರೀಕ್ಷೆ; ಟೈರಿನ ಸವೆತ, ಗಾಳಿಯ ಒತ್ತಡ, ಮೀಟರಿನ ಮೂಲ ದೋಷ ಇವುಗಳನ್ನು ಬೇರ್ಪಡಿಸಿಲ್ಲ. ಆದ್ದರಿಂದ ತಿದ್ದುಪಡಿಗೆ ಶೇ. 5.7ರ ಬದಲು ಶೇ. 4ರಿಂದ 6ರ ವ್ಯಾಪ್ತಿಯನ್ನು ಇಟ್ಟುಕೊಂಡಿದೆ.

5.3. ಒಟ್ಟು. 2024ರ ಆಗಸ್ಟ್ 31ರ ರೀಡಿಂಗ್ 86,412. ಟೈರ್ ಬದಲಾದಾಗ ಅದು 61,300 ಇತ್ತು. ಅಲ್ಲಿಂದ ಮೀಟರಿನಲ್ಲಿ 25,112 ಕಿ.ಮೀ. ಎರಡೂ ತಿದ್ದುಪಡಿ ಸೇರಿಸಿದರೆ ನಿಜವಾದ ಓಟ ಸುಮಾರು 88,300ರಿಂದ 88,900 ಕಿ.ಮೀ. ನಡುವೆ ಇರಬೇಕು. ವ್ಯತ್ಯಾಸ ಶೇ. 2.2ರಿಂದ 2.9.

6. ಮೈಲೇಜ್

ಟೈರ್ ಬದಲಾವಣೆಗೆ ಹಿಂದಿನ 12 ಸಾಲುಗಳ ಸರಾಸರಿ ಲೀಟರಿಗೆ 16.0 ಕಿ.ಮೀ.; ನಂತರದ 12 ಸಾಲುಗಳದು 15.1. ನೋಟ್‌ಬುಕ್ಕಿನ ಅಂಚಿನಲ್ಲಿ ‘ಮೈಲೇಜ್ ಇಳಿದಿದೆ’ ಎಂಬ ಪೆನ್ಸಿಲ್ ಬರಹವಿದೆ. ಮರುತಿಂಗಳ ಬಿಲ್ಲಿನಲ್ಲಿ ಕಾರ್ಬುರೇಟರ್ ಬಿಚ್ಚಿ ತೊಳೆದ ಖರ್ಚಿದೆ. ಆ ಖರ್ಚು ಬಹುಶಃ ಅನಗತ್ಯವಾಗಿತ್ತು: 15.1ನ್ನು ಟೈರಿನ ಅನುಪಾತ 1.057ರಿಂದ ಗುಣಿಸಿದರೆ 15.96 ಬರುತ್ತದೆ. ಇಳಿದಂತೆ ಕಂಡದ್ದು ಮೀಟರಿನ ಎಣಿಕೆ, ಎಂಜಿನ್ನಿನ ಸ್ಥಿತಿಯಲ್ಲ ಎಂಬುದೇ ಸರಳವಾದ ವಿವರಣೆ. ತೊಳೆದ ನಂತರದ ಸಾಲುಗಳಲ್ಲೂ ಸರಾಸರಿ ಏರದಿರುವುದು ಇದನ್ನು ಬೆಂಬಲಿಸುತ್ತದೆ.

27 ವರ್ಷಗಳ ಮೈಲೇಜನ್ನು ಒಂದೇ ಸರಣಿಯಾಗಿ ಓದಲು ಇನ್ನೊಂದು ತೊಡಕಿದೆ: ಆ ಕಾಲವೆಲ್ಲ ತುಂಬಿಸಿದ ಪೆಟ್ರೋಲ್ ಒಂದೇ ಬಗೆಯದಲ್ಲ. ಸೀಸವಿದ್ದ ಪೆಟ್ರೋಲ್ ದೇಶದಾದ್ಯಂತ ನಿಂತದ್ದು 2000ದ ಫೆಬ್ರುವರಿಯಲ್ಲಿ. ಶೇ. 5 ಎಥನಾಲ್ ಬೆರಕೆ 2003ರಲ್ಲಿ ಶುರುವಾದ ಒಂಬತ್ತು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಶೇ. 20ರ ಬೆರಕೆಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಎಥನಾಲಿನ ಶಕ್ತಿಸಾಂದ್ರತೆ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಬೆರಕೆಯಿಲ್ಲದ ಪೆಟ್ರೋಲಿಗೆಂದು ರೂಪಿಸಿ ಶೇ. 10ರ ಬೆರಕೆಗೆ ಹೊಂದಿಸಿದ ಕಾರುಗಳಲ್ಲಿ ಶೇ. 20ರ ಬೆರಕೆಯಿಂದ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜಿಸಿದೆ. ಈ ಕಾರು ಶೇ. 10ಕ್ಕೂ ಹೊಂದಿಸಿದ್ದಲ್ಲವಾದ್ದರಿಂದ ಆ ಅಂಕಿಯನ್ನು ಇಲ್ಲಿ ನೇರವಾಗಿ ಬಳಸಿಲ್ಲ. 2023ರ ನಂತರದ ಸಾಲುಗಳನ್ನು ಹೋಲಿಕೆಯಿಂದ ಹೊರಗಿಟ್ಟಿದೆ.

7. ನಿರ್ಣಯ

(ಅ) ವಯಸ್ಸು ಹೇಳುವಾಗ ತಯಾರಿಕೆಯ ತಿಂಗಳು ಮತ್ತು ನೋಂದಣಿಯ ದಿನ ಎರಡನ್ನೂ ಕೊಡುವುದು ಒಳ್ಳೆಯದು. ಎರಡು ದಾಖಲೆಗಳು ಬೇರೆ ಹೇಳಿದರೆ ಹಳೆಯದಕ್ಕೆ ಆದ್ಯತೆ ಕೊಡಬಹುದು.

(ಆ) ಮೀಟರಿನ ಅಂಕಿಯ ಜೊತೆ ಟೈರಿನ ಅಳತೆ ಮತ್ತು ಕೇಬಲ್ ಬದಲಾದ ದಿನ ಇರಬೇಕು. ಈ ವಾಹನದಲ್ಲಿ ಎರಡೂ ತಿದ್ದುಪಡಿಗಳು ಒಂದೇ ದಿಕ್ಕಿನವು: ಕಾರು ಮೀಟರ್ ಹೇಳುವುದಕ್ಕಿಂತ ಹೆಚ್ಚೇ ಓಡಿದೆ.

(ಇ) ಮೈಲೇಜ್ ಇಳಿದಂತೆ ಕಂಡಾಗ ಎಂಜಿನ್ ಬಿಚ್ಚುವ ಮೊದಲು ಟೈರಿನ ಪಕ್ಕದಲ್ಲಿ ಅಚ್ಚಾದ ಅಳತೆಯನ್ನು ಓದಬೇಕು.

(ಈ) 2004ರ ಅಂತರದ ತಿದ್ದುಪಡಿ ಸಾಧ್ಯವಾದದ್ದು, ಮೀಟರ್ ನಿಂತ ಆರು ವಾರಗಳಲ್ಲೂ ಲೀಟರ್ ಕಲಂ ಖಾಲಿ ಬಿಡದೆ ಬರೆದದ್ದರಿಂದ. 41,207 ಎಂಬ ಅಂಕಿ ನಾಲ್ಕು ಸಲವೂ ಶಾಯಿಯಲ್ಲಿದೆ. ಮೀಟರ್ ತೋರಿಸಿದ್ದು ಅಷ್ಟೇ ಆದ್ದರಿಂದ ಬರೆದದ್ದೂ ಅಷ್ಟೇ. ಊಹೆಯ ಅಂಕಿಯೊಂದನ್ನು ಅಲ್ಲಿ ತುಂಬಿದ್ದರೆ ಇಂದು ಆ ಅಂತರ ಇತ್ತೆಂಬುದೇ ಗೊತ್ತಾಗುತ್ತಿರಲಿಲ್ಲ.