ಹನ್ನೊಂದು ಮಿಲಿಗ್ರಾಂ

ದ್ರವ್ಯರಾಶಿಯನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ. ಹೈಸ್ಕೂಲಲ್ಲಿ ಎರಡು ಮಾರ್ಕಿಗೆ ಬರೆದು ಮರೆತ ಸೂತ್ರ. ಕಲ್ಲಾದರೆ ತೂಗಿ, ಅಳತೆಯ ಜಾಡಿಯ ನೀರಿಗೆ ಹಾಕಿ ಗಾತ್ರ ನೋಡಿದರೆ ಮುಗೀತು. ಆದರೆ ಅನಿಲವನ್ನ ತೂಗೋದು ಹೇಗೆ?

ಇಂಗ್ಲೆಂಡಿನ ಲಾರ್ಡ್ ರೇಲಿ 1880ರ ದಶಕದಲ್ಲಿ ಈ ಕೆಲಸಕ್ಕೆ ಕೈಹಾಕಿದ. ಸುಮಾರು 1.8 ಲೀಟರ್ ಹಿಡಿಸುವ ಗಾಜಿನ ಬುರುಡೆ. ಅದರ ಗಾಳಿಯೆಲ್ಲ ಹೊರತೆಗೆದು ಒಮ್ಮೆ ತೂಕ, ಅನಿಲ ತುಂಬಿ ಇನ್ನೊಮ್ಮೆ ತೂಕ. ವ್ಯತ್ಯಾಸವೇ ಅನಿಲದ ದ್ರವ್ಯರಾಶಿ. ಕೇಳೋಕೆ ಸುಲಭ. ಆದರೆ ಖಾಲಿ ಬುರುಡೆ ಹೊರಗಿನ ಒತ್ತಡಕ್ಕೆ ತುಸುವೇ ಕುಗ್ಗುತ್ತೆ. ಕುಗ್ಗಿದರೆ ಸುತ್ತಲ ಗಾಳಿ ಅದನ್ನು ಎತ್ತಿಹಿಡಿಯೋದು ಕಮ್ಮಿಯಾಗಿ, ತೂಕ ಜಾಸ್ತಿ ತೋರಿಸುತ್ತೆ. ಹಿಂದಿನವರು ಲೆಕ್ಕಕ್ಕೆ ತೆಗೆದುಕೊಳ್ಳದ ಈ ಸೂಕ್ಷ್ಮವನ್ನು ರೇಲಿ 1888ರಲ್ಲಿ ತಿದ್ದಿದ. ಆಸಾಮಿ ಅಂಥವನು.

ಸಾರಜನಕದ ಸರದಿ ಬಂತು. ಗಾಳಿಯಿಂದ ಆಮ್ಲಜನಕವನ್ನು ಕೆಂಪಗೆ ಕಾದ ತಾಮ್ರದ ಮೇಲೆ ಹಾಯಿಸಿ ತೆಗೆದರೆ ಉಳಿಯೋದು ಸಾರಜನಕ. ಇನ್ನೊಂದು ದಾರಿ: ಗಾಳಿಯನ್ನು ಅಮೋನಿಯಾದ ಮೂಲಕ ಹಾಯಿಸಿ ಬಿಸಿ ತಾಮ್ರಕ್ಕೆ ಬಿಡೋದು. ಇಲ್ಲಿ ಏಳರಲ್ಲೊಂದು ಪಾಲು ಸಾರಜನಕ ಅಮೋನಿಯಾದಿಂದ ಬರುತ್ತೆ. ಎರಡರ ಸಾಂದ್ರತೆಯಲ್ಲಿ ಸುಮಾರು ಸಾವಿರದಲ್ಲೊಂದು ಪಾಲು ವ್ಯತ್ಯಾಸ.

ನಾವಾಗಿದ್ದರೆ ರೌಂಡ್ ಆಫ್ ಮಾಡಿ ರಿಪೋರ್ಟ್ ಕಳಿಸ್ತಿದ್ವಿ. ರೇಲಿ ಮಾಡಿದ್ದು ತದ್ವಿರುದ್ಧ. ವ್ಯತ್ಯಾಸವನ್ನು ದೊಡ್ಡದು ಮಾಡೋಕೆ ಹೊರಟ! ಗಾಳಿಯ ಬದಲು ಶುದ್ಧ ಆಮ್ಲಜನಕ ಬಳಸಿ, ಸಾರಜನಕವೆಲ್ಲ ಅಮೋನಿಯಾದಿಂದಲೇ ಬರುವಂತೆ ನೋಡಿಕೊಂಡ. ವ್ಯತ್ಯಾಸ ಇನ್ನೂರರಲ್ಲೊಂದಕ್ಕೆ ಏರಿತು. ಅದೇ ಬುರುಡೆಯಲ್ಲಿ ಗಾಳಿಯ ಸಾರಜನಕ 2.310 ಗ್ರಾಂ, ರಾಸಾಯನಿಕ ಸಾರಜನಕ 2.299 ಗ್ರಾಂ. ಹನ್ನೊಂದು ಮಿಲಿಗ್ರಾಂ, ಕೆಲವು ಅಕ್ಕಿಕಾಳೂ ತೂಗದಷ್ಟು.

1892ರಲ್ಲಿ 'ನೇಚರ್' ಪತ್ರಿಕೆಗೆ ಪತ್ರ ಬರೆದು, ಗೊತ್ತಿದ್ದವರು ಕಾರಣ ಹೇಳಿ ಅಂತ ಕೇಳಿದ. ಲಾರ್ಡ್ ಒಬ್ಬ ಹೀಗೆ ಬಹಿರಂಗವಾಗಿ ಕೇಳಿದ್ದೇ ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾದ ಜಾಗ. ಹಗುರ ಅನಿಲದಲ್ಲಿ ಜಲಜನಕ ಬೆರೆತಿದೆಯಾ? ಬೇಕಂತಲೇ ಜಲಜನಕ ಬೆರೆಸಿ, ಮತ್ತೆ ಶುದ್ಧಮಾಡಿ ತೂಗಿದ; ಸಾಂದ್ರತೆ ಬದಲಾಗಲಿಲ್ಲ. ಎಂಟು ತಿಂಗಳು ಅನಿಲವನ್ನು ಹಾಗೇ ಇಟ್ಟು ನೋಡಿದ. ಊಹೂಂ.

ಹಾಗಾದರೆ ಗಾಳಿಯದ್ದೇ ಹೆಚ್ಚು ಭಾರವಾ? ಲಂಡನ್ನಿನ ವಿಲಿಯಂ ರ‍್ಯಾಮ್ಸೆ ಗಾಳಿಯ ಸಾರಜನಕವನ್ನು ಬಿಸಿ ಮೆಗ್ನೀಸಿಯಂ ಮೇಲೆ ಮತ್ತೆ ಮತ್ತೆ ಹಾಯಿಸಿದ. ಮೆಗ್ನೀಸಿಯಂ ಸಾರಜನಕವನ್ನು ಹೀರಿಕೊಂಡಿತು. ಕೊನೆಗೆ ಯಾವುದರ ಜೊತೆಗೂ ಸೇರದ ಅನಿಲವೊಂದು ಉಳಿಯಿತು. ಅತ್ತ ರೇಲಿ, 1785ರಲ್ಲಿ ಹೆನ್ರಿ ಕ್ಯಾವೆಂಡಿಷ್ ಮಾಡಿದ್ದ ವಿದ್ಯುತ್ ಕಿಡಿಯ ಪ್ರಯೋಗವನ್ನು ಮತ್ತೆ ಮಾಡಿ ಅದನ್ನೇ ಕಂಡ. ಕ್ಯಾವೆಂಡಿಷ್‌ಗೂ 120ರಲ್ಲೊಂದು ಪಾಲಿನಷ್ಟು ಪುಟ್ಟ ಗುಳ್ಳೆ ಉಳಿದಿತ್ತು. ಅದನ್ನವನು ಬರೆದೂ ಇಟ್ಟಿದ್ದ. ನೂರು ವರ್ಷ ಯಾರೂ ಅದರ ಬೆನ್ನು ಹತ್ತಲಿಲ್ಲ.

ಅದೇ ಆರ್ಗಾನ್, ಗ್ರೀಕಿನಲ್ಲಿ ಸೋಮಾರಿ ಅಂತ ಅರ್ಥ. ನೀವೇ ಲೆಕ್ಕ ಹಾಕಿ: ಗಾಳಿಯ 'ಸಾರಜನಕ'ದಲ್ಲಿ ಇದರ ಪಾಲು ಸುಮಾರು 1.2%, ಭಾರ ಸಾರಜನಕಕ್ಕಿಂತ ಸುಮಾರು 43% ಹೆಚ್ಚು. ಗುಣಿಸಿದರೆ ಬರೋದು ಅರ್ಧ ಪರ್ಸೆಂಟ್. ರೇಲಿಯ ಇನ್ನೂರರಲ್ಲೊಂದು.

1894ರ ಆಗಸ್ಟ್‌ನಲ್ಲಿ ಇಬ್ಬರೂ ಇದನ್ನು ಪ್ರಕಟಿಸಿದಾಗ ಎಲ್ಲರೂ ಒಪ್ಪಲಿಲ್ಲ. ಆವರ್ತಕ ಕೋಷ್ಟಕ ಕಟ್ಟಿದ ಮೆಂಡಲೀವ್‌ಗೇ ಅನುಮಾನ. ಮೂರು ಪರಮಾಣು ಸೇರಿದ ಸಾರಜನಕ ಇರಬೇಕು ಅಂದ. ಅವನ ಕೋಷ್ಟಕದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. 1898ರಲ್ಲಿ ರ‍್ಯಾಮ್ಸೆ ಮತ್ತು ಟ್ರಾವರ್ಸ್ ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳನ್ನೂ ಹೆಕ್ಕಿ ತೆಗೆದರು. ಕೊನೆಗೆ ಕೋಷ್ಟಕಕ್ಕೇ ಹೊಸ ಕಾಲಂ ಸೇರಿಸಬೇಕಾಯಿತು.