ಮಕ್ಕಳಿಗೆ ಅಂತರಜಾಲ ಸುರಕ್ಷತೆಯ ಶಿಕ್ಷಣ: ಪೋಷಕರು ಮತ್ತು ಶಿಕ್ಷಕರ ಗಮನಕ್ಕೆ

2020ರಲ್ಲಿ ಕೋವಿಡ್-19ರ ನಿಮಿತ್ತ ಶಾಲೆಗಳು ಮುಚ್ಚಿ ಆನ್‌ಲೈನ್ ತರಗತಿಗಳು ಆರಂಭವಾದ ಬಳಿಕ, ಅದುವರೆಗೆ ದೊಡ್ಡವರ ಬಳಕೆಯಲ್ಲಿದ್ದ ಮೊಬೈಲ್ ಅನೇಕ ಮನೆಗಳಲ್ಲಿ ಮಕ್ಕಳ ಕೈಗೂ ಬಂದಿತು. ಹೀಗೆ ಬಂದ ಮೊಬೈಲ್ ಸಾಮಾನ್ಯವಾಗಿ ತಂದೆ ಅಥವಾ ತಾಯಿಯದೇ ಆಗಿರುತ್ತದೆ. ಬ್ಯಾಂಕ್ ಖಾತೆಗೆ ಜೋಡಣೆಯಾದ ಸಿಮ್, ಯುಪಿಐ, ಒಟಿಪಿ ಸಂದೇಶಗಳು, ಕುಟುಂಬದ ಛಾಯಾಚಿತ್ರಗಳು ಎಲ್ಲವೂ ಅದರಲ್ಲಿಯೇ ಇರುತ್ತವೆ. ಆದುದರಿಂದ ಮಗುವಿಗೆ ನೀಡುವ ಸುರಕ್ಷತಾ ಶಿಕ್ಷಣವು ಇಡೀ ಮನೆಗೆ ಸಂಬಂಧಿಸಿದ ವಿಷಯವಾಗಿದೆ.

ಅಪಾಯವು ಬರುವ ಬಗೆ

ಅಪರಿಚಿತ ವ್ಯಕ್ತಿಯು ಮೊದಲ ದಿನವೇ ಬೆದರಿಕೆ ಹಾಕುವುದು ವಿರಳ. ಆನ್‌ಲೈನ್ ಆಟದಲ್ಲಿ ಜೊತೆಗಾರನಾಗಿ ಪರಿಚಯವಾಗುವುದು, ಆಟಕ್ಕೆ ಬೇಕಾದ ನಾಣ್ಯಗಳನ್ನು ಉಡುಗೊರೆಯಾಗಿ ಕೊಡುವುದು, ತಾನೂ ಅದೇ ವಯಸ್ಸಿನವನೆಂದು ಹೇಳಿಕೊಳ್ಳುವುದು, ಅನಂತರ ಮಾತುಕತೆಯನ್ನು ಖಾಸಗಿ ಸಂದೇಶಕ್ಕೆ ಒಯ್ಯುವುದು ರೂಢಿಯಲ್ಲಿರುವ ಕ್ರಮ. “ಇದನ್ನು ಮನೆಯಲ್ಲಿ ಹೇಳಬೇಡ” ಎಂಬ ಮಾತು ಬಂದ ಕೂಡಲೇ ಎಚ್ಚರಗೊಳ್ಳುವಂತೆ ಮಗುವಿಗೆ ಕಲಿಸತಕ್ಕದ್ದು. ಒಂದು ಛಾಯಾಚಿತ್ರ ಕೈಸೇರಿದ ಮೇಲೆ ಇನ್ನಷ್ಟು ಚಿತ್ರಗಳಿಗೆ ಅಥವಾ ಹಣಕ್ಕೆ ಬೇಡಿಕೆ ಬರುತ್ತದೆ. ಬೇಡಿಕೆಗೆ ಮಣಿದಷ್ಟೂ ಅದು ಹೆಚ್ಚುವ ಸಂಭವವಿರುತ್ತದೆ. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಸಾಮಾನ್ಯ ಛಾಯಾಚಿತ್ರವನ್ನೇ ಅಶ್ಲೀಲವಾಗಿ ತಿದ್ದಲು ಸಾಧ್ಯವಿರುವುದರಿಂದ, ಯಾವ ತಪ್ಪನ್ನೂ ಮಾಡದ ಮಗುವೂ ಈ ಬಲೆಗೆ ಸಿಲುಕಬಹುದು.

ಮಗು ಮೌನವಾಗುವುದೇಕೆ

“ಹೇಳಿದರೆ ಅಪ್ಪ ಬೈಯುತ್ತಾರೆ, ಮೊಬೈಲ್ ಕಿತ್ತುಕೊಳ್ಳುತ್ತಾರೆ” ಎಂಬ ಭಯವೇ ಬೆದರಿಸುವವನಿಗೆ ದೊರೆಯುವ ದೊಡ್ಡ ಬಲ. ಗುಪ್ತಪದವನ್ನು ಯಾರಿಗೂ ಹೇಳಬಾರದು, ಅಪರಿಚಿತರ ಕೊಂಡಿಯನ್ನು ಒತ್ತಬಾರದು ಎಂಬ ನಿಯಮಗಳು ಅವಶ್ಯವೇ ಆದರೂ, ನಿಯಮ ಮುರಿದ ದಿನ ಮಗು ಯಾರ ಬಳಿಗೆ ಬರಬೇಕು ಎಂಬುದನ್ನು ಮೊದಲೇ ತಿಳಿಸಿರತಕ್ಕದ್ದು. ತಪ್ಪು ನಡೆದಿದ್ದರೂ ದಂಡಿಸುವುದಿಲ್ಲವೆಂದು ಪೋಷಕರು ಭರವಸೆ ನೀಡುವುದು ಮತ್ತು ಅದರಂತೆಯೇ ನಡೆದುಕೊಳ್ಳುವುದು ಎಲ್ಲ ತಂತ್ರಾಂಶಗಳಿಗಿಂತ ಹೆಚ್ಚು ಉಪಯುಕ್ತ. ಮನೆಯಲ್ಲಿ ಹೇಳಲಾಗದ ಮಗುವಿಗೆ ಶಿಕ್ಷಕರೊಬ್ಬರಾದರೂ ಆ ಸ್ಥಾನದಲ್ಲಿರಬೇಕು.

ತೊಂದರೆ ಎದುರಾದಾಗ

ಹಣ ಕೊಡಬಾರದು, ಬೆದರಿಸುವವನೊಡನೆ ವಾದಕ್ಕಿಳಿಯಬಾರದು. ಗಾಬರಿಯಲ್ಲಿ ಸಂದೇಶಗಳನ್ನು ಅಳಿಸಿಹಾಕುವುದರಿಂದ ಸಾಕ್ಷ್ಯ ನಷ್ಟವಾಗುತ್ತದೆ. ಖಾತೆಯ ಹೆಸರು, ಕೊಂಡಿ, ದಿನಾಂಕ ಮತ್ತು ವೇಳೆ ಕಾಣುವಂತೆ ಸಂಭಾಷಣೆಯ ಸ್ಕ್ರೀನ್‌ಶಾಟ್ ತೆಗೆದಿರಿಸಿಕೊಂಡು, ಅನಂತರ ಆ ಖಾತೆಯನ್ನು ನಿರ್ಬಂಧಿಸಬಹುದು. ಆದರೆ ಸಲಹೆ ಕೇಳುವ ಉದ್ದೇಶದಿಂದಲೂ ಮಗುವಿನ ಅಶ್ಲೀಲ ಚಿತ್ರವನ್ನು ಬಂಧುಗಳಿಗೆ ಅಥವಾ ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಬಾರದು. ಅಂತಹ ಚಿತ್ರವನ್ನು ಹಂಚುವುದೇ ಅಪರಾಧ. ಚಿತ್ರವು ಹರಡದಂತೆ ತಡೆಯಲು 2023ರಲ್ಲಿ ಆರಂಭವಾದ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಇದರಲ್ಲಿ ಚಿತ್ರವು ಮೊಬೈಲ್‌ನಿಂದ ಹೊರಹೋಗುವುದಿಲ್ಲ. ಅದರ ಸಂಕೇತ ಮಾತ್ರ ರವಾನೆಯಾಗಿ, ಯೋಜನೆಯಲ್ಲಿ ಸೇರಿರುವ ಜಾಲತಾಣಗಳು ಅದನ್ನು ಗುರುತಿಸಿ ತೆಗೆಯುತ್ತವೆ.

ಕಾನೂನಿನ ರಕ್ಷಣೆ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ಕ್ಕೆ 2008ರಲ್ಲಿ ತರಲಾದ ತಿದ್ದುಪಡಿಯ ಮೂಲಕ 67ಬಿ ಪ್ರಕರಣವನ್ನು ಸೇರಿಸಲಾಗಿದ್ದು, ಅದು 2009ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ಮಕ್ಕಳ ಅಶ್ಲೀಲ ಚಿತ್ರಗಳ ಪ್ರಸಾರವಲ್ಲದೆ, ಲೈಂಗಿಕ ಉದ್ದೇಶದಿಂದ ಮಕ್ಕಳನ್ನು ಆನ್‌ಲೈನ್ ಸಂಬಂಧಕ್ಕೆ ಸೆಳೆಯುವುದೂ ಇದರಡಿ ಶಿಕ್ಷಾರ್ಹ. ಮೊದಲ ಅಪರಾಧಕ್ಕೆ 5 ವರ್ಷಗಳವರೆಗೆ ಕಾರಾಗೃಹವಾಸ ಮತ್ತು 10 ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದು. ಪೋಕ್ಸೊ ಕಾಯ್ದೆ, 2012ರ ಪ್ರಕಾರ ಲೈಂಗಿಕ ಅಪರಾಧ ನಡೆದಿರುವುದು ತಿಳಿದ ಯಾವುದೇ ವ್ಯಕ್ತಿ ಪೊಲೀಸರಿಗೆ ವರದಿ ಮಾಡಲೇಬೇಕು. ಮರ್ಯಾದೆಗೆ ಅಂಜಿ ಶಾಲೆಯಲ್ಲಿಯೇ ರಾಜಿ ಮಾಡಿಸುವುದಕ್ಕೆ ಇಲ್ಲಿ ಅವಕಾಶವಿಲ್ಲ. ವರದಿ ಮಾಡದಿದ್ದ ಕಾರಣಕ್ಕೆ ದೊಡ್ಡವರಿಗೆ ಶಿಕ್ಷೆಯಾಗಬಹುದು, ಮಗುವಿಗೆ ಆಗುವುದಿಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಇಚ್ಛಿಸುವ ಸ್ಥಳದಲ್ಲಿ ದಾಖಲಿಸಬೇಕು. ಆ ಸಮಯದಲ್ಲಿ ಅಧಿಕಾರಿಯು ಸಮವಸ್ತ್ರದಲ್ಲಿರಬಾರದು. ಮಗುವಿನ ಗುರುತನ್ನು ಮಾಧ್ಯಮಗಳಲ್ಲಿ ಪ್ರಕಟಿಸುವುದನ್ನೂ ಕಾಯ್ದೆಯು ನಿಷೇಧಿಸಿದೆ.

ದೂರು ಸಲ್ಲಿಕೆ

ಸಹಾಯದ ಅಗತ್ಯವಿರುವ ಮಕ್ಕಳು ಸ್ವತಃ 1098 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಹಣ ವರ್ಗಾವಣೆಯಾಗಿದ್ದಲ್ಲಿ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ವಿಳಂಬವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ತಿಳಿಸದೆಯೂ ದೂರು ನೀಡಬಹುದಾಗಿದೆ. ಕರ್ನಾಟಕದಲ್ಲಿ ಸಮೀಪದ ಪೊಲೀಸ್ ಠಾಣೆಯಲ್ಲದೆ ಸಿಇಎನ್ ಅಪರಾಧ ಪೊಲೀಸ್ ಠಾಣೆಗಳಲ್ಲಿಯೂ ದೂರು ಸಲ್ಲಿಸಬಹುದು. ದೂರಿನ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳತಕ್ಕದ್ದು.