ಅಡಿಕೆ ಗೊನೆ ಕಾಯ್ದ ಸುಣ್ಣ

ರೈತ ಬಾಂಧವರೇ, ಎಲೆಗೆ ಹಚ್ಚುವ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ನಿಮಗೆಲ್ಲ ಗೊತ್ತು. ಇದೇ ಸುಣ್ಣ ಮಲೆನಾಡಿನ ಅಡಿಕೆಗೆ ಕಾವಲಾದ ಕಥೆ ಕೇಳಿದ್ದೀರಾ? ಇವತ್ತು ಅದನ್ನೇ ನೋಡೋಣ.

ಆಷಾಢದ ಮಳೆ ಹಿಡಿಯಿತೆಂದರೆ ತೋಟದವರಿಗೆ ನಿದ್ದೆ ಇಲ್ಲ. ಎಳೆಕಾಯಿ ಕೊಳೆತು, ಬೆಳಗಾಗುವುದರೊಳಗೆ ಮರದ ಬುಡದಲ್ಲಿ ರಾಶಿ ಬಿದ್ದಿರುತ್ತದೆ. ವರ್ಷದ ಅನ್ನವೇ ಮಣ್ಣುಪಾಲು. ಇದೇ ಕೊಳೆರೋಗ. ನಮ್ಮ ಹಿರಿಯರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದರು. ಉಪಾಯ ಒಳ್ಳೆಯದೇ, ಆದರೆ ಗೊನೆಗೊಂದು ಕೊಟ್ಟೆ ಹೆಣೆಯುವುದು ಸಣ್ಣ ಕೆಲಸವೇ?

ಇದರ ಮದ್ದು ಹುಟ್ಟಿದ್ದು ದೂರದ ಫ್ರಾನ್ಸಿನಲ್ಲಿ. 1878ರ ಹೊತ್ತಿಗೆ ಅಲ್ಲಿಯ ದ್ರಾಕ್ಷಿಗೆ ಬೂಜುರೋಗ ತಗುಲಿತು. ಬೋರ್ಡೋ ಸೀಮೆಯ ರೈತರು, ದಾರಿಹೋಕರು ಹಣ್ಣು ಕೀಳದಿರಲೆಂದು, ರಸ್ತೆಬದಿಯ ಬಳ್ಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಗಮನಿಸಿದರು: ಒಳಗಿನ ಬಳ್ಳಿಯ ಎಲೆ ಉದುರಿದೆ, ದಾರಿಬದಿಯದು ಹಸಿರಾಗಿದೆ! ಅವರು ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆಂದು ಎರಚಿದ್ದು ರೋಗಕ್ಕೆ ಮದ್ದಾಯ್ತು.

ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗ ತರುವ ಬೂಜನ್ನು ಅಭ್ಯಾಸ ಮಾಡಿ, 1910ರಲ್ಲಿ ವರದಿ ಬರೆದರು. ಬೋರ್ಡೋ ದ್ರಾವಣದಿಂದ ಅಡಿಕೆಯನ್ನೂ ಕಾಯಬಹುದೆಂದು ತೋರಿಸಿಕೊಟ್ಟರು.

ಇದರಲ್ಲಿ ಸುಣ್ಣದ ಕೆಲಸವೇನು ಅಂತೀರಾ? ಬರೀ ಮೈಲುತುತ್ತ ಹುಳಿ; ಎಳೆಯದನ್ನು ಸುಟ್ಟುಬಿಡುತ್ತದೆ. ಸುಣ್ಣ ಆ ಹುಳಿ ಮುರಿದು, ತಾಮ್ರದ ಅಂಶ ಮಳೆಗೆ ತೊಳೆದುಹೋಗದಂತೆ ಹಿಡಿದಿಡುತ್ತದೆ.

ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸುಮಾರು 900 ಡಿಗ್ರಿ ಕಾವಿನಲ್ಲಿ ಸುಟ್ಟರೆ ಸುಟ್ಟ ಸುಣ್ಣ. ಅದರ 56 ಕಿಲೋ 18 ಕಿಲೋ ನೀರನ್ನು ಹೀರಿ 74 ಕಿಲೋ ಅರಳಿದ ಸುಣ್ಣವಾಗುತ್ತದೆ. ಗಾಳಿಗೆ ಬಿಟ್ಟರೆ ಅದು ಮತ್ತೆ ಸತ್ವವಿಲ್ಲದ ಪುಡಿ. ಆದ್ದರಿಂದ ಹೊಸ ಸುಣ್ಣವನ್ನೇ ಬಳಸಿ.

ಮೈಲುತುತ್ತ 1 ಕಿಲೋ 50 ಲೀಟರ್ ನೀರಿನಲ್ಲಿ, ಸುಣ್ಣ 1 ಕಿಲೋ ಇನ್ನೊಂದು 50 ಲೀಟರಿನಲ್ಲಿ. ಕಬ್ಬಿಣದ ಪಾತ್ರೆ ಬೇಡ. ಸುಣ್ಣದ ತಿಳಿಗೆ ತುತ್ತದ ನೀರನ್ನು ಕದಡುತ್ತಾ ಸುರಿಯಿರಿ. ಉಜ್ಜಿದ ಚಾಕು ಅದ್ದಿ ನೋಡಿ. ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಹೊಡೆದು ಮುಗಿಸಿ. ರೋಗ ಬಂದಮೇಲಲ್ಲ, ಮಳೆ ಹಿಡಿಯುವ ಮೊದಲೇ ಹೊಡೆಯಬೇಕು. 40-45 ದಿನಕ್ಕೆ ಇನ್ನೊಮ್ಮೆ.

ತಾಯಂದಿರೇ, ಈ ಮಾತು ನಿಮಗೂ. ಸುಣ್ಣ ಅರಳುವಾಗ ಕುದಿದು ಸಿಡಿಯುತ್ತದೆ. ಮಕ್ಕಳನ್ನು ದೂರವಿಡಿ. ನೀರಿಗೆ ಸುಣ್ಣವನ್ನು ಸ್ವಲ್ಪಸ್ವಲ್ಪವೇ ಹಾಕಿ, ಪಾತ್ರೆಯ ಬಾಯಿ ಮುಚ್ಚಬೇಡಿ. ಕನ್ನಡಕ, ಕೈಗವಸು ಇರಲಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ತಕ್ಷಣ ಶುದ್ಧ ನೀರಿನಲ್ಲಿ 20 ನಿಮಿಷ ತೊಳೆದು ಆಸ್ಪತ್ರೆಗೆ ಓಡಿ. ಗೊನೆ ಹೋದರೆ ಮುಂದಿನ ವರ್ಷ ಬಂದೀತು, ಕಣ್ಣು ಹೋದರೆ ಬಾರದು.